ದಂತವೈದ್ಯ ಎಂಬ ಸಮಾಸ

ರಾಯಚೂರಿನ ಹಲ್ಲಿನ ದವಾಖಾನೆಯ ಬಾಗಿಲು ತೆರೆದೊಡನೆ ಲವಂಗದೆಣ್ಣೆಯ ವಾಸನೆ ಎದುರುಗೊಂಡಿತು. ಕಡಕ್ ರೊಟ್ಟಿ ಕಡಿಯಲು ಹೋಗಿ ನಾನು ಮುಂಬಲ್ಲೊಂದನ್ನು ಅರ್ಧಕ್ಕೆ ಮುರಿದುಕೊಂಡಿದ್ದೆ. ನಿಮಗಿದು ಸಣ್ಣ ಸಂಗತಿ ಎನಿಸಬಹುದು. ಆದರೆ ದೇವದುರ್ಗದ ಶಾಲೆಯಲ್ಲಿ ಕನ್ನಡದ ಅಕ್ಕೋರಾಗಿ ವರ್ಷಗಟ್ಟಲೆ ‘ತ, ಥ, ದ, ಧ, ನ’ಗಳನ್ನು ತಿದ್ದಿ ತಿದ್ದಿ ಹೇಳಿಸಿದವಳ ಬಾಯಲ್ಲಿ ದಂತ್ಯಾಕ್ಷರಗಳೇ ಗಾಳಿಯಾಗಿ ಹೊರಟರೆ ಉಳಿಯುವುದೇನು? ‘ದವಾಖಾನೆ’ ಎಂಬ ನನ್ನ ಉಚ್ಚಾರಣೆ ಕೇಳಿ ಆಟೋದವನು, “ಅದು ಯಾ ಊರ್ರೀ?” ಎಂದಿದ್ದ.

ಕುರ್ಚಿಯಲ್ಲಿ ಒರಗಿಸಿದವಳು ಹುಲಿಗೆಮ್ಮ. ಅರಕೇರಾದವಳು, ಒಂದು ಕಾಲದ ನನ್ನ ಶಿಷ್ಯೆ. “ಬಾಯಿ ತೆರೀರಿ ಅಕ್ಕೋರ” ಎಂದಳು. ನಾನು ಹಿಂಜರಿದೆ. ಆ ಹಿಂಜರಿಕೆಗೆ ಹಿನ್ನೆಲೆಯಿದೆ.

ನಾನು ಮಾನ್ವಿಯ ಕಡೆಯವಳು. ಅಲ್ಲಿನ ಕೊಳವೆಬಾವಿಯ ನೀರಿನ ಫ್ಲೋರೈಡು ಹಾಲುಹಲ್ಲು ಉದುರುವ ಮೊದಲೇ ಒಸಡಿನೊಳಗೆ ಕಾದಿರುವ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಬರೆದಿಡುತ್ತದೆ. ಎಷ್ಟು ತಿಕ್ಕಿದರೂ ಅಳಿಯದ ಬರಹ ಅದು. ಹೀಗಾಗಿ ನಾನು ತುಟಿ ಬಿಗಿಹಿಡಿದೇ ಬೆಳೆದೆ, ತುಟಿ ಬಿಗಿಹಿಡಿದೇ ಕಲಿಸಿದೆ. ತಡೆಯಲಾಗದ ನಗು ಬಂದರೆ ಅಂಗೈ ತಾನಾಗಿ ಮೇಲೇಳುತ್ತಿತ್ತು. ಮಕ್ಕಳು ನನಗಿಟ್ಟ ಹೆಸರು ‘ಪೂರ್ಣವಿರಾಮ ಅಕ್ಕೋರು’. ಅದನ್ನು ನಾನು ಶಿಸ್ತಿಗೆ ಸಂದ ಬಿರುದೆಂದೇ ಭಾವಿಸಿದ್ದೆ. ಬಿರುದುಗಳನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಪಿಯುಸಿ ಮುಗಿಸಿದ ಹುಲಿಗೆಮ್ಮ ಒಂದು ಮಧ್ಯಾಹ್ನ ತಂದೆಯೊಡನೆ ದೇವದುರ್ಗದ ನಮ್ಮ ಮನೆಗೆ ಬಂದಳು. ವೈದ್ಯಕೀಯ, ದಂತವೈದ್ಯಕೀಯ ಎರಡಕ್ಕೂ ಸಾಲುವಷ್ಟು ಅಂಕಗಳಿದ್ದವು. ಮರುದಿನ ಒಂದನ್ನು ಆರಿಸಬೇಕು. ಆರಿಸಿದ ಮೇಲೆ ಹಿಂತಿರುಗುವಂತಿಲ್ಲ.

“ಊರು ತುಂಬಾ ನನ್ನ ಮಗಳು ಡಾಕ್ಟ್ರ ಆಗ್ತಾಳಂತ ಹೇಳೀನ್ರೀ,” ಎಂದ ಹನುಮಂತಪ್ಪ, ತಲೆಯ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡು. “ಇಕೀ ನೋಡಿದ್ರ ಹಲ್ಲಿನ ಡಾಕ್ಟ್ರ ಅನ್ನಾಕತ್ತಾಳ. ಅದು ಅರ್ಧ ಡಾಕ್ಟ್ರ ಅಲ್ಲೇನ್ರೀ? ನೀವ ಬುದ್ಧಿ ಹೇಳ್ರಿ. ನೀವು ಹೇಳಿದ್ರ ಕೇಳ್ತಾಳ.”

ನಿಜ ಹೇಳಬೇಕೆಂದರೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಇಡೀ ದೇಹ ಸಿಗುವಾಗ ಮೂವತ್ತೆರಡು ಹಲ್ಲಿಗೆ ತೃಪ್ತಿಪಡುವುದುಂಟೇ? ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಎಂದು ಮನಸ್ಸಿನಲ್ಲೇ ಉಪದೇಶವನ್ನು ಜೋಡಿಸಿಕೊಳ್ಳತೊಡಗಿದೆ. ಪೀಠಿಕೆಗೆ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಕೇಳಿದಳು: “ಅಕ್ಕೋರ, ತತ್ಪುರುಷ ಸಮಾಸದಾಗ ಯಾವ ಪದದ ಅರ್ಥ ಮುಖ್ಯ ರೀ?”

“ಉತ್ತರಪದದ್ದು,” ಎಂದೆ. ವ್ಯಾಕರಣದ ಪ್ರಶ್ನೆಗೆ ಉತ್ತರಿಸದಿರಲು ನನ್ನಿಂದಾಗದು.

“ದಂತಗಳ ವೈದ್ಯ, ದಂತವೈದ್ಯ. ಹಂಗಾರ ವೈದ್ಯ ಪೂರಾ ಅದಾನಲ್ರೀ. ಅರ್ಧ ಎಲ್ಲಿಂದ ಬಂತು?”

“ಇಲ್ಲಿ ಸಮಾಸ ಯಾರ್ ಕೇಳ್ಯಾರಲೇ?” ಎಂದು ತಂದೆ ಗದರಿದ.

ಅವಳು ಅವನತ್ತ ತಿರುಗಲಿಲ್ಲ. “ಜ್ವರ ಬಂದ್ರ ನಮ್ಮ ಮಂದಿ ದವಾಖಾನಿಗೆ ಹೋಗ್ತಾರ್ರೀ. ಹಲ್ಲಿಗೆ ಯಾರೂ ಹೋಗಂಗಿಲ್ಲ, ಬಾಯಿ ಮುಚ್ಕೋತಾರ. ನಮ್ಮವ್ವ ನಕ್ಕದ್ದು ನಾ ನೋಡೇ ಇಲ್ಲ. ಬರೇ ಸೆರಗು ಅಲಗಾಡತೈತಿ.” ಆಮೇಲೆ ದನಿ ತಗ್ಗಿಸಿ, “ನೀವೂ ನಗಂಗಿಲ್ಲ ಅಕ್ಕೋರ,” ಎಂದಳು.

ಉಪಸಂಹಾರದವರೆಗೆ ಸಿದ್ಧವಾಗಿದ್ದ ಉಪದೇಶ ಎಲ್ಲಿ ಹೋಯಿತೋ ತಿಳಿಯದು. ಹನುಮಂತಪ್ಪನಿಗೆ ಇಷ್ಟೇ ಹೇಳಿದೆ: “ಸಮಾಸವನ್ನು ಆಕೆ ಸರಿಯಾಗಿಯೇ ಬಿಡಿಸಿದ್ದಾಳೆ.”

ಅವನು ಟವೆಲು ಕೊಡವಿ ಎದ್ದ. “ಅಕ್ಕೋರ ಸರಿ ಅಂದಮ್ಯಾಲ ನಂದೇನದ,” ಎಂದವನ ಮುಖ ಗೆಲುವಾಗಿರಲಿಲ್ಲ. ಈಗಲೂ ಅರಕೇರಾದಲ್ಲಿ ಅವನು ಮಗಳನ್ನು ಬರೇ ‘ಡಾಕ್ಟ್ರು’ ಎನ್ನುತ್ತಾನಂತೆ. ಪೂರ್ವಪದವನ್ನೇ ಲೋಪಗೊಳಿಸಿದ್ದಾನೆ. ನಾನು ತಿದ್ದಲು ಹೋಗಿಲ್ಲ.

ಕುರ್ಚಿಯ ಮೇಲೆ ಕೊನೆಗೂ ಬಾಯಿ ತೆರೆದೆ. ಹುಲಿಗೆಮ್ಮ ಬಿಳುಪಿನಿಂದ ಕಂದಿನವರೆಗಿನ ಮಾದರಿ ಹಲ್ಲುಗಳ ಪಟ್ಟಿಯೊಂದನ್ನು ನನ್ನ ಹಲ್ಲಿಗೆ ಹಿಡಿದು ನೋಡಿದಳು. “ಮುರಿದಿದ್ದರ ಜೊತಿಗೆ ಎಲ್ಲಾನೂ ಬೆಳ್ಳಗ ಮಾಡಿಬಿಡ್ತೀನ್ರೀ. ಇಷ್ಟು ದಿನ ಮುಚ್ಚಿಟ್ಟಿದ್ದು ಸಾಕು.”

ನಾನು ಕನ್ನಡಿಯಲ್ಲಿ ನೋಡಿಕೊಂಡೆ. ಮಾನ್ವಿಯ ನೀರು ಬರೆದ ಸಾಲು ಅಲ್ಲೇ ಇತ್ತು. “ಬೇಡ,” ಎಂದೆ. “ಒಂದೇ ಹಲ್ಲು ಮಾಡು. ಅಕ್ಕಪಕ್ಕದವಕ್ಕೆ ಅನ್ವಯಿಸುವಂತಿರಲಿ.”

“ಯಪ್ಪಾ! ನಿಮ್ಮನ್ನ ನಗಸಾಕಂತ ಇಷ್ಟು ಕಲಿತು ಬಂದ್ರ, ಹೊಸಾ ಹಲ್ಲಿಗೂ ಕಂದು ಬಣ್ಣ ಬಳಿ ಅಂತೀರಲ್ರೀ?”

ನಗು ಬಂದೇಬಿಟ್ಟಿತು, ಮುರಿದ ಹಲ್ಲಿನ ಸಂದಿನಿಂದ ಸಿಳ್ಳೆ ಹೊಡೆಯುತ್ತ. ಹುಲಿಗೆಮ್ಮ ನನ್ನ ಬಾಯಿಯನ್ನಲ್ಲ, ಕೈಗಳನ್ನು ನೋಡುತ್ತಿದ್ದಳು. ಅವು ಮಡಿಲಲ್ಲೇ ಇದ್ದವು.