ಐದು ಅಡಿಕೆ ಚೀಲಗಳ ಗುಂಪು ಚರ್ಚೆ

ಗೆಳೆಯರೇ, ಎಂಬಿಎ ಪ್ರವೇಶಕ್ಕೆ ಗುಂಪು ಚರ್ಚೆಯೂ ಇರುತ್ತದೆ. ಶಿರಸಿಯಲ್ಲಿ ನನಗೆ ಗುಂಪೇ ಇಲ್ಲ. ಇಂದು ಊಟದ ಬಿಡುವಿನಲ್ಲಿ, ನಾನು ಗುಮಾಸ್ತನಾಗಿರುವ ಅಡಿಕೆ ಮಂಡಿಯ ಗೋದಾಮಿನಲ್ಲಿ, ಐದು ಚೀಲಗಳ ಎದುರು ನಿಂತು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದೆ. ತೂಕ ಮಾಡುವ ಗಣಪಣ್ಣ ಬಂದುಬಿಟ್ಟ.

“ತಮಾ, ಯಾರ ಜೊತಿಗೆ ಜಗಳ ಮಾಡ್ತಾ ಇದ್ಯೋ?”

ವಿಷಯ ಹೇಳಿದೆ. ಚೀಲವೊಂದರ ಮೇಲೆ ಕುಳಿತ. ಸಣ್ಣ ಊರಿನವರು ದೊಡ್ಡ ಕಂಪನಿ ನಡೆಸಬಲ್ಲರು ಎಂದು ಕನ್ನಡದಲ್ಲೇ ವಾದಿಸಿದೆ. “ಖರೇ” ಎಂದ. ನಡೆಸಲಾರರು ಎಂದೆ. ಅದಕ್ಕೂ “ಖರೇ”.

“ಒಂದ್ ಸಲವಾದ್ರೂ ವಿರೋಧ ಮಾಡು ಮಾರಾಯಾ!”

“ನೀ ಮೊದಲೇ ಒಬ್ಬವನೇ ಇದ್ದೆ. ಮೇಲಿಂದ ನಾನೂ ವಿರೋಧ ಮಾಡವಾ?”

ಪಕ್ಕದ ಚೀಲದ ಮೇಲೆ ನಾನೂ ಕುಳಿತೆ. ಇಂದಿನ ಚರ್ಚೆಯಲ್ಲಿ ಗಣಪಣ್ಣ ಪಾಸು.