ದಿಂಬಿನೊಳಗಿನ ಕೆಂಪು ನೋಟು

ಹೋದ ವಾರ ಹಳೆಯ ದಿಂಬು ಬಿಚ್ಚಿದೆ. ಬೂರುಗದ ಹತ್ತಿ ಗಂಟುಗಂಟಾಗಿತ್ತು, ಬಿಸಿಲಿಗೆ ಹಾಕಿ ಬಡಿಯೋಣ ಅಂತ. ಒಂದು ಬದಿಯ ಹೊಲಿಗೆ ಕಿತ್ತ ಕೂಡಲೇ ಮಿಷಿನ್ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷ ತಲೆಯಿಟ್ಟು ಮಲಗಿದರೂ ಬಾರದಿದ್ದ ವಾಸನೆ. ಕೈ ಹಾಕಿದರೆ ಹತ್ತಿಯ ನಡುವೆ ರವಿಕೆ ಬಟ್ಟೆಯ ಒಂದು ಚೀಲ, ನಾಲ್ಕೂ ಕಡೆ ಹೊಲಿದದ್ದು. ಅದರೊಳಗೆ ಮೂರು ಕೆಂಪು ನೋಟು. ನಮ್ಮ ದೇಶದ್ದಲ್ಲ.

ಯಾರು ಇಟ್ಟದ್ದು ಅಂತ ಯೋಚನೆ ಮಾಡಬೇಕಾಗಿರಲಿಲ್ಲ...

ಹೊಳೆನರಸೀಪುರದಲ್ಲಿ ನಾವು ವಠಾರದಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದವಳು. ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಒಂದು ಹೊಲಿಗೆ ಮಿಷಿನ್ ಇತ್ತು, ಅದಕ್ಕಿಂತ ಜೋರಾಗಿ ಓಡುವ ಬಾಯಿ ಇತ್ತು. ಅವಳು ಹೊಲಿದ ರವಿಕೆಗೆ ಹುಕ್ಕು ಹಾಕಿ ಅಂಚು ಮಡಚಿ ಹೊಲಿಯುವುದು ನನ್ನ ಕೆಲಸ. ಅಳತೆ ಕೊಡಲು ಬಂದವರಿಗೆ ಮುಖದ ಮೇಲೇ ಹೇಳುತ್ತಿದ್ದಳು. "ಓದ್ ಯುಗಾದಿಗಿಂತ ಎರಡಿಂಚು ಊದಿದ್ದೀಯ ಕಣಕ್ಕ. ಆಮೇಲೆ ಬಿಗಿ ಆಯ್ತು ಅಂತ ನನ್ ಕತ್ರಿ ಮೇಲೆ ತಪ್ಪು ಒರಸ್ಬ್ಯಾಡ."

ಬರಬರುತ್ತ ಅವಳು ಪಕ್ಕದಲ್ಲೇ ಇಟ್ಟ ಕತ್ತರಿಯನ್ನು ಹುಡುಕತೊಡಗಿದಳು. ಎದುರಿಗಿದ್ದದ್ದು ಕಾಣುತ್ತಿತ್ತು, ಮಗ್ಗುಲಲ್ಲಿದ್ದದ್ದು ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಿದ್ದಳು. ನಾನೇ ಹಾಸನಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಇದು ಪೊರೆ ಅಲ್ಲಮ್ಮ, ಕ್ಯಾಂಪಲ್ಲಿ ತೆಗೆಸೋಕೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಇದೆ. ಹೋದ ದೃಷ್ಟಿ ವಾಪಸ್ ಬರಲ್ಲ. ಈಗಲೇ ಆಪರೇಷನ್ ಮಾಡಿಸಿದ್ರೆ ಇರೋದಾದ್ರೂ ಉಳಿಯುತ್ತೆ. ತಡ ಮಾಡಬೇಡಿ" ಅಂದರು. ಖರ್ಚು ಎಷ್ಟು ಅಂತಲೂ ಹೇಳಿದರು.

ಬಸ್ಸಿನಲ್ಲಿ ಬರುವಾಗ ಅವಳಂದಳು, "ದುಡ್ಡು ಅದೆ ಕಣಕ್ಕ. ಆದ್ರೆ ಈಗ ಮುಟ್ಟಂಗಿಲ್ಲ."

ಮನೆಗೆ ಬಂದು ಟ್ರಂಕಿನಿಂದ ಒಂದು ಲಂಗ ತೆಗೆದಳು. ಅದರ ಪಟ್ಟಿಯೊಳಗೆ ಹೊಲಿದಿಟ್ಟಿದ್ದಳು, ಒಂಬತ್ತು ನೋಟು. ಇರಾಕ್ ದೇಶದ್ದಂತೆ. ಒಂದೊಂದರ ಮೇಲೂ ಇಪ್ಪತ್ತೈದು ಸಾವಿರ ಅಂತ ಅಚ್ಚಾಗಿತ್ತು. ಚನ್ನರಾಯಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟವನೊಬ್ಬ, ಹಿಂದೆ ಗಲ್ಫಿಗೆ ಹೋಗಿಬಂದವನು, ಮಾರಿದ್ದ. ಅಲ್ಲಿ ಯುದ್ಧ ಮುಗಿದಿದೆ, ನೆಲದೊಳಗೆ ಎಣ್ಣೆ ಇದೆ, ಆ ದೇಶ ಎದ್ದು ನಿಂತ ದಿನ ಒಂದೊಂದು ನೋಟಿಗೂ ಲಕ್ಷಗಟ್ಟಲೆ ಬರುತ್ತೆ ಅಂದಿದ್ದನಂತೆ. ಇವಳು ವರ್ಷಗಟ್ಟಲೆ ಹೊಲಿದು ಕೂಡಿಟ್ಟದ್ದನ್ನೆಲ್ಲ ಕೊಟ್ಟಿದ್ದಳು.

"ಚಿನ್ನಕ್ಕಾದ್ರೆ ಕೂಲಿ, ಮಾರಾಕೋದ್ರೆ ತೂಕದಲ್ಲಿ ಕಳೀತಾರೆ. ಸೈಟು ತಗಂಡ್ರೆ ಜಗಳ. ಇದಾದ್ರೆ ಮಡಚಿ ಇಟ್ರಾಯ್ತು" ಅಂದಳು.

ನಾನು ನೋಟು ತಿರುಗಿಸಿ ನೋಡಿದೆ. ಒಬ್ಬ ಹೆಂಗಸು ಪೈರಿನ ಕಟ್ಟು ಹಿಡಿದಿದ್ದಾಳೆ, ಹಿಂದೆ ಟ್ರ್ಯಾಕ್ಟರು. "ಇವ್ಳೂ ನಮ್ ಕೊಣನೂರ್ ಕಡೆಯೋರಂಗೆ ವಲದಲ್ಲೇ ಅವ್ಳೆ ಕಣಮ್ಮಿ. ಇವ್ಳಿಗೇ ಲಕ್ಷ ಸಿಕ್ಕಿಲ್ಲ, ನಿಂಗೇನ್ ಸಿಕ್ತದೆ?" ಅಂದೆ.

"ನಿನ್ ಬಾಯಿಗೆ ಮೊದ್ಲು ನಾಲ್ಕು ಹುಕ್ಕು ಆಕ್ಬೇಕು" ಅಂದಳು.

ನನ್ನ ಓಲೆ ಅಡವಿಡುತ್ತೇನೆ, ಆಪರೇಷನ್ ಮಾಡಿಸಿಕೋ ಅಂದೆ. ಒಪ್ಪಲಿಲ್ಲ. ಯಾರ ಋಣವೂ ಬೇಡ, ನೋಟಿನ ಬೆಲೆ ಏರಲಿ, ಏರಿದ ದಿನವೇ ಹೋಗುತ್ತೇನೆ ಅಂದಳು. ಹೀಗೇ ಐದಾರು ತಿಂಗಳು ಹೋಯಿತು. ಸೂಜಿಗೆ ದಾರ ಪೋಣಿಸಲೂ ನನ್ನನ್ನು ಕರೆಯುವ ಹಾಗಾಯಿತು.

ಕೊನೆಗೆ ಬೆಲೆ ಕೇಳಿಕೊಂಡು ಬಾ ಅಂತ ನನ್ನನ್ನೇ ಚನ್ನರಾಯಪಟ್ಟಣಕ್ಕೆ ಕಳಿಸಿದಳು. ನನಗೆ ಬರುವುದು ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ. ಅವಳಿಗೆ ಆಗ ಅದೂ ಕಾಣುತ್ತಿರಲಿಲ್ಲ. ಗಡಿಯಾರದವನು ತಲೆ ಎತ್ತದೆಯೇ, "ಇನ್ನೂ ಏರಿಲ್ಲಮ್ಮ, ತಡ್ಕಳಿ" ಅಂದ.

"ಇರೋ ಬೆಲೆಗೇ ನೀನು ತಗಂಡ್ಬುಡು."

"ನಾವ್ ಕೊಡೋದಷ್ಟೇ. ವಾಪಸ್ ತಗಳಲ್ಲ."

ಸಂತೆಯ ತರಕಾರಿಯವಳು ಕೂಡ ಹುಳ ಬಿದ್ದ ಬದನೆಕಾಯಿಯನ್ನು ವಾಪಸ್ ತೆಗೆದುಕೊಳ್ಳುತ್ತಾಳೆ. ಮಾರಿದವನೇ ಬೇಡ ಅನ್ನುವ ಸಾಮಾನಿಗೆ ಏನು ಬೆಲೆ ಇದ್ದೀತು? ಬೇರೆ ದೇಶದ ನೋಟು ಕೊಂಡಿಟ್ಟರೆ ಲಾಭವೇ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ನಾನೊಂದು ಲೆಕ್ಕ ಹಾಕಿದೆ. ಏರಿದೆ ಅಂತ ಹೇಳುವುದು. ನೋಟು ಇಸಿದುಕೊಳ್ಳುವುದು. ನನ್ನ ಓಲೆ ಇಟ್ಟು ದುಡ್ಡು ತಂದು, ನೋಟು ಮಾರಿದ ದುಡ್ಡು ಅಂತ ಕೊಡುವುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಸಿಕೊಂಡವಳು ನಾನು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಅವಳು ಹೊಸಿಲ ಮೇಲೇ ಕೂತು ಕಾಯುತ್ತಿದ್ದಳು.

"ಏರ್ಯದೆ ಕಣಮ್ಮಿ. ಆಪರೇಷನ್ ಆಗೋವಷ್ಟು ಏರ್ಯದೆ. ಕೊಡು ಇತ್ಲಾಗೆ, ನಾಳೇನೇ ಮಾರ್ಕಂಡ್ ಬತ್ತೀನಿ" ಅಂದೆ.

"ದಿಟವಾಗ್ಲೂ? ಎಷ್ಟು ಏರ್ಯದೆ?"

"ನೀ ಕೊಟ್ಟಿದ್ದರ ಎರಡರಷ್ಟು."

ಅವಳು ಗಟ್ಟಿಯಾಗಿ ನಕ್ಕಳು. ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಂಗಾರೆ ಈಗ್ಯಾಕೆ ಮಾರ್ಲಿ? ಏರೋದನ್ನ ಮಾರ್ಕಳಾಕೆ ನನಗೇನು ತಲೆ ಕೆಟ್ಟದಾ? ಇನ್ನೊಂದ್ ಆರ್ ತಿಂಗ್ಳು ತಡೀತೀನಿ. ಕಣ್ಣೂ ಮಾಡಿಸ್ಕತೀನಿ, ಮನೇನೂ ಕಟ್ಟುಸ್ತೀನಿ. ನಿಂಗೂ ಒಂದ್ ರೂಮು."

ಕಣ್ಣಿಗೆ ಬಿಡುವ ಹನಿ ಔಷಧಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಇನ್ನೂ ಎರಡು ನೋಟು ತರಿಸಿಕೊಂಡಳು. ನಾನು ತರುವುದಿಲ್ಲ ಅಂದದ್ದಕ್ಕೆ ಬೇರೆ ಯಾರನ್ನೋ ಕಳಿಸಿದಳು.

ಎರಡು ವಾರ ಕಳೆದ ಮೇಲೆ ನಿಜ ಹೇಳಿದೆ. ಏರಿಲ್ಲ, ಅವನು ವಾಪಸ್ಸೂ ತಗೊಳ್ಳಲ್ಲ, ನಾನು ಸುಳ್ಳು ಹೇಳಿದೆ ಅಂತ. ಅವಳು ಮಿಷಿನ್ ನಿಲ್ಲಿಸಿದಳು. "ನನ್ ಹತ್ರ ದುಡ್ಡಾಯ್ತದೆ ಅಂತ ನಿಂಗೆ ವಟ್ಟೆಕಿಚ್ಚು ಬಂದ್ಬುಡ್ತಾ ಅಕ್ಕ?" ಅಂದಳು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದವಳು, ನಿಜವನ್ನು ನಾಲ್ಕು ಸಲ ಹೇಳಿದರೂ ನಂಬಲಿಲ್ಲ. ತಿಂಗಳುಗಟ್ಟಲೆ ಮಾತು ಬಿಟ್ಟಳು. ದಾರ ಪೋಣಿಸಿಕೊಡಲು ಎದುರು ಮನೆಯವಳನ್ನು ಕರೆಯುತ್ತಿದ್ದಳು.

ಆಮೇಲೆ ಒಂದು ದಿನ ಅವಳೇ ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. "ಅಕ್ಕ, ಮಧ್ಯಾನ ಆಗದಾ, ಇನ್ನೂ ಆಗಿಲ್ವಾ?" ಅಂತ ಕೇಳಿದಳು. ಹೊರಗೆ ಸುಡು ಬಿಸಿಲಿತ್ತು...

ಹಾಸನದ ಡಾಕ್ಟರು ನೋಡಿ, ಈಗ ಮಾಡುವಂಥದ್ದೇನೂ ಇಲ್ಲ ಅಂದರು. ಇವಳು ಅಳಲಿಲ್ಲ. ನಾನೂ ಅಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಊರಿಗೆ ಬಂದೆವು.

ಮಿಷಿನ್ ಮಾರಿದಳು. ಅರಕಲಗೂಡಿನಲ್ಲಿದ್ದ ತಮ್ಮ ಬಂದು ಕರೆದುಕೊಂಡು ಹೋದ. ಹೋಗುವ ದಿನ ಈ ದಿಂಬು ಕೊಟ್ಟಳು. ಅಳಿದುಳಿದ ರವಿಕೆ ತುಂಡು ಸೇರಿಸಿ, ಕಣ್ಣು ಹೋದ ಮೇಲೆ ಕೈಯಲ್ಲೇ ಹೊಲಿದದ್ದು. ಹೊಲಿಗೆ ಅಲ್ಲಲ್ಲಿ ಓರೆಯಾಗಿತ್ತು. ಸುಮ್ಮನಿರಲಾರದೆ, "ಓರೆ ಓಗದೆ ಕಣಮ್ಮಿ" ಅಂದೆ.

"ತಲೆ ಇಟ್ಕಳಾಕೆ ನೆಟ್ಟಗೆ ಯಾಕ್ ಬೇಕು? ಮಲೀಕೊ, ಬಿಚ್ಬ್ಯಾಡ" ಅಂದಳು. ಅದೇ ಕೊನೆ. ಅವಳು ಸತ್ತ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಮೂರು ನೋಟನ್ನು ನನ್ನ ಪಾಲು ಅಂತ ಇಟ್ಟಿದ್ದಳು. ಅಂದರೆ ಕೊನೆಯವರೆಗೂ ಅದು ಏರುತ್ತೆ ಅಂತಲೇ ನಂಬಿದ್ದಳು. ನನ್ನ ಬಾಯಿಂದ ಬಂದ ಮಾತನ್ನು.

ಸೊಸೆಗೆ ನೋಟು ತೋರಿಸಿ, ಈಗ ಬೆಲೆ ಎಷ್ಟಿದೆ ನೋಡು, ಆ ಕಾಲಕ್ಕೆ ಟೈಲರಮ್ಮ ಒಂದಕ್ಕೆ ಇಷ್ಟು ಕೊಟ್ಟಿದ್ದಳು ಅಂತ ಹೇಳಿದೆ. ಅವಳು ಫೋನಿನಲ್ಲಿ ಹುಡುಕುವಷ್ಟರಲ್ಲಿ ನಾನು ಹತ್ತಿ ಬಡಿದು ಮತ್ತೆ ತುಂಬಿದೆ.

"ಏರಿಲ್ಲ ಅತ್ತೆ. ಅವ್ರು ಕೊಟ್ಟಷ್ಟೂ ಇಲ್ಲ. ಅದನ್ನೂ ಇಲ್ಲಿ ಬ್ಯಾಂಕಿನೋರು ತಗಳಲ್ವಂತೆ. ಏನ್ಮಾಡ್ಲಿ ಇದ್ನ?"

"ಎಲ್ಲಿತ್ತೋ ಅಲ್ಲೇ ಆಕು" ಅಂದೆ.

ನೋಟನ್ನು ಒಳಗಿಟ್ಟು ದಿಂಬಿನ ಬಾಯಿ ಹೊಲಿದೆ. ನನ್ನ ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಏರಿಲ್ಲ. ಸೊಸೆ ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಅವತ್ತು ಹೊಸಿಲ ಮೇಲೆ ಕೂತಿದ್ದವಳಿಗೆ ನಾನು ಹೇಳಬೇಕಾಗಿದ್ದದ್ದೂ ಅಷ್ಟೇ ಮಾತು.