ಕೆಂಪು ಬಿಳಿ ಬೀಜದ ಸರ

ಎಂಬತ್ತರ ದಶಕದ ಮೊದಮೊದಲು, ಪುಣೆಯ ಕೊಂಢವಾದಲ್ಲಿ ಒಂದು ಹಳೆಯ ಗ್ಯಾರೇಜು ಬಾಡಿಗೆಗೆ ಹಿಡಿದು ನಾನು ಬೀಜದ ಆಭರಣ ಮಾಡಿಸುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದು ಹತ್ತು ವರ್ಷವಾಗಿತ್ತು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಪ್ಲಾಸ್ಟಿಕ್ ಮುಟ್ಟುವುದಿಲ್ಲ, ದಂತ ಮುಟ್ಟುವುದಿಲ್ಲ, ಗಿಡದಿಂದ ತಾನಾಗಿ ಉದುರಿದ ಬೀಜ ಮಾತ್ರ, ನಡುವೆ ದಲ್ಲಾಳಿ ಇಲ್ಲ, ಪೋಣಿಸಿದವಳಿಗೆ ನ್ಯಾಯವಾದ ಕೂಲಿ. ಈ ಮಾತನ್ನು ಬಂದವರಿಗೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಹೇಳುವಾಗ ನನ್ನ ಮುಖದ ಮೇಲೆ ಎಂಥ ಕಳೆ ಇರುತ್ತಿತ್ತೋ, ನೆನೆದರೆ ಈಗ ನಾಚಿಕೆಯಾಗುತ್ತದೆ.

ಪೋಣಿಸುವವರು ಆರು ಜನ. ಎಲ್ಲರೂ ಬಿಜಾಪುರದ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಇದ್ದವರು. ಅವರಲ್ಲಿ ಒಬ್ಬಳ ಕೈ ಭಾರಿ ಚುರುಕು. ಮೂವತ್ತರ ಆಸುಪಾಸು, ಒಂಬತ್ತು ವರ್ಷದ ಒಬ್ಬಳೇ ಮಗಳು. ಸೆರಗನ್ನು ಕತ್ತಿನ ಸುತ್ತ ಬಿಗಿದುಕೊಂಡೇ ಕೂರುತ್ತಿದ್ದಳು, ಎಂಥ ಬಿಸಿಲಿದ್ದರೂ. ಗಂಡ ಏನು ಮಾಡುತ್ತಾನೆ ಎಂದು ನಾನು ಕೇಳಿದಾಗಲೆಲ್ಲ "ಊರಾಗ ಹೊಲಾ ನೋಡ್ತಾರ್ರಿ" ಅನ್ನುತ್ತಿದ್ದಳು. ಅಂಥ ಹೆಂಡತಿಯನ್ನು ಬಿಟ್ಟು ಹೊಲ ನೋಡುವ ಆ ಗಂಡನ ಬಗ್ಗೆ ನಾನು ಗೇಲಿ ಮಾಡಿದರೆ ಅವಳೂ ಸ್ವಲ್ಪ ನಗುತ್ತಿದ್ದಳು.

ಆ ವರ್ಷ ಹೊರದೇಶದ ಒಂದು ಅಂಗಡಿಯಿಂದ ಕಾಗದ ಬಂತು. ಹೊಸ ಮಾದರಿ ಬೇಕು, ಅದನ್ನು ಮಾಡಿದವರ ಮನೆಯವರೇ ತೊಟ್ಟುಕೊಂಡ ಫೋಟೊ ಬೇಕು ಎಂದಿತ್ತು. ಎರಡು ದಿನ ಯೋಚಿಸಿ ನಾನೊಂದು ಸರ ರೂಪಿಸಿದೆ: ಒಂದು ಕೆಂಪು ಆನೆಗುಲಗಂಜಿ, ಒಂದು ಬೆಳ್ಳಗಿನ ವೈಜಯಂತಿ ಮಣಿ, ಮತ್ತೆ ಕೆಂಪು, ಮತ್ತೆ ಬಿಳಿ. ಇಷ್ಟು ಸರಳ, ಇಷ್ಟು ಚೆಂದ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಚುರುಕು ಕೈಯವಳ ಮುಂದೆ ಆ ಬೀಜಗಳನ್ನು ಸುರಿದರೆ ಅವಳು ಸೂಜಿ ಎತ್ತಲಿಲ್ಲ.

"ಈ ಜೋಡಿ ಬ್ಯಾಡ್ರಿ ಅಕ್ಕಾರ. ಕೆಂಪಿಗೆ ಕರೇದು ಹಾಕೂಣ್ರಿ."

"ಯಾಕ?"

"ಚಂದ ಕಾಣಂಗಿಲ್ರಿ."

ನನಗೆ ಸಿಟ್ಟು ಬಂತು. ಚೆಂದ ಯಾವುದು ಎಂದು ನನಗೆ ಹೇಳಿಕೊಡುತ್ತಾಳಲ್ಲ ಎನ್ನಿಸಿತು. ನಾನೇ ಕೂತು ಎರಡು ಸರ ಪೋಣಿಸಿದೆ.

ಮರುದಿನ ಮಂಗಳವಾರ. ಶಾಲೆಗೆ ಯಾವುದೋ ರಜೆ ಇದ್ದದ್ದರಿಂದ ನನ್ನ ಮಗಳನ್ನೂ ಕರೆದುಕೊಂಡು, ಗಂಡನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದೆ. ನನ್ನ ಮಗಳಿಗೂ ಒಂಬತ್ತೇ ವರ್ಷ. ಅವಳೂ ಆ ಚುರುಕು ಕೈಯವಳ ಮಗಳೂ ಬಾಗಿಲಲ್ಲಿ ಕುಂಟಾಬಿಲ್ಲೆ ಆಡತೊಡಗಿದರು. ಆ ಹುಡುಗಿಯ ತಾಯಿ ನೀರು ತರಲು ಹೋಗಿದ್ದಳು. ಬೆಳಕು ಚೆನ್ನಾಗಿತ್ತು. ನಾನು ಅವಳ ಮಗಳನ್ನು ಕರೆದು, ಸರವನ್ನು ಕೊರಳಿಗೆ ಕಟ್ಟಿ, ಹಿಂದೆ ಗಂಟು ಹಾಕಿ, ಫೋಟೊ ತೆಗೆದೆ.

ಕ್ಯಾಮೆರಾ ಕೆಳಗಿಳಿಸುವಷ್ಟರಲ್ಲಿ, ನಮ್ಮ ಆರು ಜನರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ ಎದ್ದು ಬಂದಳು. ಆ ಹುಡುಗಿಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಉಳಿದವರು ಕೈಯಲ್ಲಿದ್ದ ಸೂಜಿ ಕೆಳಗಿಟ್ಟರು. ಆಗಲೇ ತಾಯಿ ಕೊಡ ಹೊತ್ತು ಒಳಗೆ ಬಂದಳು.

ಅವಳು ಕಿರುಚಲಿಲ್ಲ. ಕೊಡ ಇಳಿಸಿದಳು, ಮಗಳ ಕೊರಳು ನೋಡಿದಳು.

"ಯಾರು ಕಟ್ಟಿದ್ರು?"

"ನಾನ. ಫೋಟೊಕ್ಕ."

ಅವಳು ಸೆರಗು ಸಡಿಲಿಸಿ ತನ್ನ ಕತ್ತು ತೋರಿಸಿದಳು. ಕೆಂಪು, ಬಿಳಿ, ಕೆಂಪು, ಬಿಳಿ. ಬೆವರಿಗೆ ಮಾಸಿದ ಗಾಜಿನ ಮಣಿಗಳು, ನಡುವೆ ದೇವಿಯ ಪದಕ. ಎಲ್ಲಮ್ಮನಿಗೆ ಬಿಟ್ಟ ಹುಡುಗಿಯರಿಗೆ ಕಟ್ಟುವ ಮುತ್ತು ಅದು. ಕಟ್ಟಿದ ಮೇಲೆ ಆ ಹುಡುಗಿಗೆ ಮದುವೆ ಇಲ್ಲ. ದೊಡ್ಡವಳಾದ ಮೇಲೆ ಊರಿನ ಉಳ್ಳವರು ಕರೆದಲ್ಲಿಗೆ ಹೋಗಬೇಕು. ಹೊಲ ನೋಡುವ ಗಂಡ ಎಂಬವನೇ ಇರಲಿಲ್ಲ.

ಧಾರವಾಡದವಳಾಗಿ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ತವರಿನಲ್ಲಿ ಪಾತ್ರೆ ತಿಕ್ಕುತ್ತಿದ್ದವಳ ಕೊರಳಲ್ಲಿ ಇದೇ ಸರವಿತ್ತು. ಅವಳು ಬಾಗಿದಾಗಲೆಲ್ಲ ಅದು ಜೋತಾಡುವುದನ್ನು ನೋಡುತ್ತಲೇ ಬೆಳೆದಿದ್ದೆ. ನನ್ನ ತಲೆಯಿಂದ ಹುಟ್ಟಿತು ಎಂದು ಬೀಗಿದ ಮಾದರಿ ಬಂದದ್ದು ಅಲ್ಲಿಂದ.

ತಾಯಿ ತಗ್ಗಿದ ದನಿಯಲ್ಲಿ ಹೇಳಿದಳು. "ಈಕಿಗೆ ಕಟ್ಟಬಾರ್ದಂತನ ಊರು ಬಿಟ್ಟು ಬಂದೀನ್ರಿ. ಈ ಮುದುಕಿ ನಮ್ಮೂರಾಕಿ, ಬರೂ ಹುಣ್ಣಿವಿಗೆ ಊರಿಗೆ ಹೋಗ್ತಾಳ. ಮುತ್ತು ಕಟ್ಟ್ಯಾರ ಅಂತ ಹೇಳಿದ್ಲಂದ್ರ ನಮ್ಮವ್ವ ಬಂದು ಎಳಕೊಂಡು ಹೋಗ್ತಾಳ್ರಿ."

"ನಾ ಹೇಳ್ತೀನಿ," ಎಂದು ನಾನು ಮುದುಕಿಯ ಕಡೆ ತಿರುಗಿದೆ. "ಇದು ಮಾರೂ ಮಾಲು. ಅಂಗಡಿದು. ದೇವರದಲ್ಲ."

ಮುದುಕಿ ಅಷ್ಟೇ ಶಾಂತವಾಗಿ ಅಂದಳು. "ಮಂಗಳವಾರ, ಎಲ್ಲಮ್ಮನ ವಾರ ಅದರಿ. ತಾಯಿ ತಾನ ಕಟ್ಟಿಸಿಕೊಂಡಾಳ."

ತಟ್ಟೆಯಲ್ಲಿ ನಾನು ಪೋಣಿಸಿದ ಇನ್ನೊಂದು ಸರವಿತ್ತು. ತಾಯಿ ಅದನ್ನು ಎತ್ತಿ ನನ್ನ ಕೈಗಿಟ್ಟಳು.

"ಹಂಗಾದ್ರ ಇದನ್ನ ನಿಮ್ಮ ಮಗಳಿಗೆ ಕಟ್ರಿ. ಈ ಮುದುಕಿ ಮುಂದನ ಕಟ್ರಿ. ಮಾರೂ ಮಾಲು ಅಂತ ಈಕಿಗೂ ತಿಳೀಲಿ."

ಅವಳು ಕೇಳಿದ್ದು ಅಷ್ಟೇ. ನನ್ನ ಮಗಳು ಖುಷಿಯಿಂದ ಓಡಿ ಬಂದು, ಜಡೆ ಪಕ್ಕಕ್ಕೆ ಸರಿಸಿ, ಕತ್ತು ಬಗ್ಗಿಸಿ ನಿಂತಳು. ನಾನು ಅತ್ತೆಯ ವ್ರತಗಳನ್ನೆಲ್ಲ ಗೇಲಿ ಮಾಡಿದವಳು, ಅಮಾವಾಸ್ಯೆಯ ದಿನವೇ ಗ್ಯಾರೇಜಿನ ಬೀಗ ತೆರೆದವಳು. ಬೀಜಕ್ಕೂ ದೇವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಒಂದು ತಾಸು ಭಾಷಣ ಮಾಡುತ್ತಿದ್ದೆ. ಆದರೆ ಕೈ ಏಳಲಿಲ್ಲ. ನನ್ನನ್ನು ಕಂಡು ನನಗೇ ಗಾಬರಿಯಾಯಿತು.

"ದಾರ ಸಡಿಲ ಅದ," ಅಂದೆ. "ಆಮ್ಯಾಲೆ ಕಟ್ಟೂಣು."

ಮುದುಕಿ ತಲೆಯಾಡಿಸಿದಳು. "ನೋಡಿದೇನು? ಅಕ್ಕಾರೂ ಅಂಜ್ತಾರ."

ತಾಯಿ ನನ್ನನ್ನು ಒಮ್ಮೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಮಗಳ ಕೊರಳಿನ ದಾರವನ್ನು ಹಲ್ಲಿನಿಂದ ಕಡಿದಳು. ಬೀಜಗಳು ನೆಲದ ತುಂಬ ಚೆಲ್ಲಾಡಿದವು. ಮಗಳ ರಟ್ಟೆ ಹಿಡಿದು ಹೊರಗೆ ನಡೆದಳು.

ಮರುದಿನ ಬೆಳಗ್ಗೆ ಅವರ ಶೆಡ್ಡು ಖಾಲಿಯಿತ್ತು. ಕಟ್ಟಡದ ಕೂಲಿಗಳ ಮೇಲ್ವಿಚಾರಕ ಮುಕಾದಮನನ್ನು ಕೇಳಿದರೆ, ತಾಯಿ ಮಗಳು ಗಂಟು ಕಟ್ಟಿಕೊಂಡು ಕಾತ್ರಜದ ಕಡೆಗೆ ನಡೆದರು ಎಂದ. ಅಲ್ಲಿಂದ ಬಸ್ಸು ಹಿಡಿದು ಊರಿಗೇ ಹೋದಳೋ, ಮುದುಕಿಯ ಕಣ್ಣಿಗೆ ಬೀಳದ ಬೇರೆ ಎಲ್ಲಿಗೋ ಹೋದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಾದರಿಯನ್ನು ನಾನು ಅಂಗಡಿಗೆ ಕಳಿಸಲಿಲ್ಲ. ಮಾಡಿದ್ದು ಅಷ್ಟೇ.

ಕೆಲವು ವಾರಗಳ ನಂತರ ಫೋಟೊ ತೊಳೆದು ಬಂತು. ಹುಡುಗಿ ನಗುತ್ತಿದ್ದಳು, ಕೊರಳಲ್ಲಿ ಸರ ನಿಜಕ್ಕೂ ಒಪ್ಪಿತ್ತು. ನನ್ನ ಮಗಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಅವ್ವಾ," ಅಂದಳು, "ಈಕಿಗೆ ಕಟ್ಟಿದಿ. ನನಗ್ಯಾಕ ಕಟ್ಟಲಿಲ್ಲ?"